ಕ್ಯಾಮಿಯೊದ ಬೆನ್ನು ಮತ್ತು ಮುಖ

ಕಳೆದ ತಿಂಗಳು ನಮಗೆ ಪರಿಚಿತರಾದ ನಿವೃತ್ತ ಅಧ್ಯಾಪಕಿಯೊಬ್ಬರು ಒಂದು ಪುಟ್ಟ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಬಂದರು. ಡಬ್ಬಿಯೊಳಗೆ ಹತ್ತಿ, ಹತ್ತಿಯೊಳಗೆ ಒಂದು ಬ್ರೋಚು. ಹೆಬ್ಬೆರಳುದ್ದದ ಅಂಡಾಕಾರ, ಕಂದು ಬಣ್ಣದ ನೆಲ, ನೆಲದ ಮೇಲೆ ಬೆಳ್ಳಗೆ ಉಬ್ಬಿ ನಿಂತ ತರುಣಿಯೊಬ್ಬಳ ಪಾರ್ಶ್ವಮುಖ. ೧೯೪೪ರಲ್ಲಿ ಸೇನೆಯೊಡನೆ ಇಟಲಿಯಲ್ಲಿದ್ದ ಅವರ ಅಜ್ಜ ನೇಪಲ್ಸ್ ನಗರದಲ್ಲಿ ಕೊಂಡು ಅಜ್ಜಿಗಾಗಿ ತಂದದ್ದಂತೆ. ಅಜ್ಜಿ ಒಂದೆರಡು ಸಲ ಸೆರಗಿಗೆ ಸಿಕ್ಕಿಸಿಕೊಂಡು, “ಯಾರೋ ದೊರೆಸಾನಿ ಮುಖ, ನನಗ್ಯಾಕೆ” ಎಂದು ಪೆಟ್ಟಿಗೆಗೆ ಹಾಕಿಬಿಟ್ಟರಂತೆ.

“ಸಾರ್, ಇದು ವಿಕ್ಟೋರಿಯಾ ರಾಣಿ ಕಾಲದ್ದು ಅಂತ ಯಾರೋ ಹೇಳಿದರು. ಅಜ್ಜ ಹಳೇದನ್ನೇ ಹುಡುಕಿ ತಂದಿರಬೇಕು. ನೀವು ಪುಸ್ತಕ ಓದಿದವರು, ನೋಡಿ ಹೇಳಿ” ಎಂದರು.

ನಾನು ಬ್ರೋಚನ್ನು ತೆಗೆದುಕೊಂಡವನೇ ಮಗುಚಿ ಬೆನ್ನು ನೋಡಿದೆ. ಸಂಗ್ರಾಹಕರಿಗಾಗಿ ಬರೆದ ಕೈಪಿಡಿಗಳೆಲ್ಲ ಕಲಿಸುವ ಮೊದಲ ಪಾಠ ಅದು. ಸೂಜಿಯ ತುದಿ ಜಾರದಂತೆ ತಿರುಗಿಸಿ ಬಂಧಿಸುವ ಪುಟ್ಟ ಬೀಗದಂಥ ಕೊಕ್ಕೆ ಅಲ್ಲಿತ್ತು. “ಇಪ್ಪತ್ತನೆಯ ಶತಮಾನದ್ದಮ್ಮ. ನಿಮ್ಮ ಅಜ್ಜ ಕೊಂಡಾಗ ಹೊಸದೇ ಇದ್ದಿರಬೇಕು” ಎಂದೆ. ಅವರ ಮುಖ ಬಾಡಿತು. “ಹಾಗಾದರೆ ಬರೀ ಸಂತೆ ಮಾಲು” ಎಂದು ಡಬ್ಬಿಯನ್ನು ಮುಚ್ಚಹೊರಟರು. ಆಗ ನನಗೇ ನಾಚಿಕೆಯಾಯಿತು. ತೀರ್ಪು ಕೊಟ್ಟು ಮುಗಿಸಿದ್ದೆ. ಆದರೆ ಆ ತರುಣಿಯ ಮುಖವನ್ನು ನಾನು ಇನ್ನೂ ಸರಿಯಾಗಿ ನೋಡಿಯೇ ಇರಲಿಲ್ಲ. ಎರಡು ದಿನ ಇಲ್ಲೇ ಬಿಟ್ಟುಹೋಗಿ ಎಂದು ಕೇಳಿಕೊಂಡೆ. ಈ ಲೇಖನ ಆ ಎರಡು ದಿನಗಳ ಫಲ.

ಎರಡು ಬಣ್ಣದ ಪದರಗಳುಳ್ಳ ವಸ್ತುವಿನಲ್ಲಿ ಮೇಲಿನ ಪದರವನ್ನು ಆಕೃತಿಯಾಗಿ ಉಳಿಸಿ, ಸುತ್ತಲೂ ಅದನ್ನು ಕೆತ್ತಿ ತೆಗೆದು, ಕೆಳಗಿನ ಪದರ ನೆಲವಾಗಿ ಕಾಣುವಂತೆ ಮಾಡಿದ ಉಬ್ಬುಚಿತ್ರಕ್ಕೆ ಕ್ಯಾಮಿಯೊ ಎಂದು ಹೆಸರು. ಮುದ್ರೆಯುಂಗುರದಂತೆ ಒಳಕ್ಕೆ ಕೊರೆದದ್ದಾದರೆ ಅದು ಇಂಟಾಲಿಯೊ. ಈ ಕಲೆಯ ಕುಲೀನ ಶಾಖೆ ಕಲ್ಲಿನದು. ವಿಯೆನ್ನಾದಲ್ಲಿರುವ ‘ಗೆಮ್ಮಾ ಆಗಸ್ಟಿಯ’, ಪ್ಯಾರಿಸ್ಸಿನಲ್ಲಿರುವ ‘ಫ್ರಾನ್ಸಿನ ಮಹಾ ಕ್ಯಾಮಿಯೊ’ ಇವೆರಡೂ ರೋಮನ್ ಚಕ್ರವರ್ತಿಗಳ ಕಾಲದವು; ಸಾರ್ಡೊನಿಕ್ಸ್ ಎಂಬ ಪದರಗಲ್ಲಿನಲ್ಲಿ ಕಡೆದವು. ಅಷ್ಟು ಗಟ್ಟಿಯಾದ ಕಲ್ಲಿಗೆ ಉಳಿ ನಾಟುವುದಿಲ್ಲ. ತಿರುಗುವ ಸಣ್ಣ ಚಕ್ರಕ್ಕೆ ಎಣ್ಣೆಯನ್ನೂ ಕುರುಂದದಂಥ ಪುಡಿಯನ್ನೂ ಹಚ್ಚಿ ತಿಂಗಳುಗಟ್ಟಲೆ ಸವೆಸಬೇಕು. ಅರಸರಿಗಲ್ಲದೆ ಅನ್ಯರಿಗೆ ಎಟುಕುವ ವಸ್ತುವಲ್ಲ.

ಚಿಪ್ಪಿನ ಕ್ಯಾಮಿಯೊ ಇದರ ಬಡ ನೆಂಟ. ಹೀಗೆಂದು ಹೇಳುವುದು ವಾಡಿಕೆಯಾಗಿಬಿಟ್ಟಿದೆ, ನನಗೆ ಒಪ್ಪಿಗೆಯಿಲ್ಲ. ಏಕೆಂದು ಹೇಳುವ ಮೊದಲು ಅದು ಆಗುವ ಬಗೆಯನ್ನು ಸ್ವಲ್ಪ ನೋಡೋಣ.

ಇದಕ್ಕೆ ಬೇಕಾದದ್ದು ನಮ್ಮ ದೇವರ ಮನೆಯ ಬಿಳಿ ಶಂಖವಲ್ಲ. ಅದರಲ್ಲಿ ಹೀಗೆ ಬೇರೆ ಬೇರೆ ಬಣ್ಣದ ಪದರಗಳಿಲ್ಲ. ಯೋಧನ ಶಿರಸ್ತ್ರಾಣದಂತೆ ಕಾಣುವುದರಿಂದ ‘ಹೆಲ್ಮೆಟ್’ ಎಂದು ಹೆಸರು ಪಡೆದ ದೊಡ್ಡ ಕಡಲಶಂಖಗಳು ಬೇಕು. ಕೆರಿಬಿಯನ್ ಸಮುದ್ರದ ಒಂದು ಜಾತಿಯಲ್ಲಿ ಬಿಳಿಯ ಕೆಳಗೆ ಕಾಫಿ ಬೀಜದಂಥ ಕಂದು ನೆಲ ಸಿಕ್ಕುತ್ತದೆ; ಪೂರ್ವ ಆಫ್ರಿಕಾದ ಕಡಲಿನ ಇನ್ನೊಂದು ಜಾತಿಯಲ್ಲಿ ಕಿತ್ತಳೆಗೆಂಪು ನೆಲ. ‘ಕ್ವೀನ್ ಕಾಂಕ್’ ಎಂಬ ಗುಲಾಬಿ ಬಣ್ಣದ ಶಂಖವನ್ನೂ ಬಳಸುವುದುಂಟು. ಅದರ ಬಣ್ಣ ಬಿಸಿಲಿಗೆ ಕ್ರಮೇಣ ಮಾಸುತ್ತದೆ. ಶಂಖದ ಉಬ್ಬಿದ ಭಾಗವನ್ನು ಗರಗಸದಿಂದ ಕೊಯ್ದು, ಕಲೆ ಬಿರುಕುಗಳನ್ನು ತಪ್ಪಿಸಿ ಅಂಡಾಕಾರದ ಬಿಲ್ಲೆಗಳನ್ನು ಗುರುತು ಮಾಡಿ ಕತ್ತರಿಸುತ್ತಾರೆ. ಪ್ರತಿ ಬಿಲ್ಲೆಯನ್ನೂ ಅರಗಿನಂಥ ಅಂಟಿನಿಂದ ಮರದ ಹಿಡಿಯ ತುದಿಗೆ ಕೂರಿಸಿ, ಮೇಲಿನ ಒರಟು ಸಿಪ್ಪೆಯನ್ನು ತೆಗೆದು, ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಂಡು, ಕೈಯುಳಿಯಿಂದ ಕೆತ್ತುತ್ತಾರೆ. ಎಡಗೈಯಲ್ಲಿ ಹಿಡಿ ತಿರುಗುತ್ತಿರುತ್ತದೆ, ಬಲಗೈಯಲ್ಲಿ ಉಳಿ ನಡೆಯುತ್ತಿರುತ್ತದೆ.

ಈ ಕಸುಬಿನ ತವರು ಟೊರೆ ಡೆಲ್ ಗ್ರೆಕೊ ಎಂಬ ಊರು. ನೇಪಲ್ಸ್ ಕೊಲ್ಲಿಯ ದಡದಲ್ಲಿ, ವೆಸೂವಿಯಸ್ ಜ್ವಾಲಾಮುಖಿಯ ಬುಡದಲ್ಲಿದೆ. ೧೭೯೪ರಲ್ಲಿ ಬೆಟ್ಟ ಕಾರಿದ ಲಾವಾರಸ ಊರಿನ ಬಹುಭಾಗವನ್ನು ನುಂಗಿತು. ಜನ ಅದರ ಮೇಲೆಯೇ ಮತ್ತೆ ಮನೆ ಕಟ್ಟಿಕೊಂಡರು. ಮೂಲತಃ ಹವಳದವರ ಊರು. ಹಡಗುಗಳಲ್ಲಿ ಹೋಗಿ ಮೆಡಿಟರೇನಿಯನ್ನಿನ ತಳದಿಂದ ಹವಳವನ್ನು ಎತ್ತಿ ತಂದು ಮಣಿ ಮಾಡುವವರು. ನಮ್ಮ ತಾಯಂದಿರ ಕೊರಳಿನ ಹವಳದ ಸರಕ್ಕೂ ಆ ಕಡಲಿಗೂ ಹಳೆಯ ನಂಟಿದೆ: ಕೆಂಪು ಹವಳ ನಮ್ಮ ಕರಾವಳಿಯಲ್ಲಿ ಬೆಳೆಯುವುದಲ್ಲ, ಶತಮಾನಗಳಿಂದ ಆ ಕಡೆಯಿಂದಲೇ ಬಂದದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆ ಅದರ ದೊಡ್ಡ ಪೇಟೆಯಾಗಿತ್ತು. ಹವಳ ಕೆತ್ತಿ ಪಳಗಿದ ಕೈಗಳೇ ಚಿಪ್ಪಿಗೂ ಬಂದವು. ೧೮೭೮ರಲ್ಲಿ ಅಲ್ಲಿ ಕೆತ್ತನೆಯ ಶಾಲೆಯೊಂದು ಸ್ಥಾಪನೆಯಾಯಿತು.

ಈಗ ನನ್ನ ವಾದಕ್ಕೆ ಬರುತ್ತೇನೆ. ಚಿಪ್ಪಿನ ಬಿಳಿಯ ಪದರ ಬಹು ತೆಳು. ಆ ತೆಳುವಿನಲ್ಲಿಯೇ ಹಣೆ, ಕೆನ್ನೆ, ಕಿವಿ, ಕಿವಿಯ ಹಿಂದಿನ ಕೂದಲು, ಕೂದಲ ಹಿಂದಿನ ವಸ್ತ್ರ ಎಲ್ಲವನ್ನೂ ಒಂದರ ಹಿಂದೆ ಒಂದರಂತೆ ನಿಲ್ಲಿಸಬೇಕು. ಬಿಳಿಯನ್ನು ಪೂರ್ತಿ ಉಳಿಸಿದರೆ ಹಾಲುಗಲ್ಲಿನ ಹೊಳಪು. ಸ್ವಲ್ಪ ಸವೆಸಿದರೆ ಬೂದಿ. ಕಾಗದದಷ್ಟು ತೆಳುವಾಗಿಸಿದರೆ ಕೆಳಗಿನ ಕಂದು ಅದರ ಮೂಲಕ ಇಣುಕಿ ತಾನೇ ನೆರಳಾಗುತ್ತದೆ. ಅಂದರೆ ಕೆತ್ತುವವನು ಅದೇ ಉಳಿಯಿಂದ ಬಣ್ಣವನ್ನೂ ಹಾಕುತ್ತಿರುತ್ತಾನೆ. ಕಲ್ಲಿನಲ್ಲಿಯೂ ಇದು ಸಾಧ್ಯ. ಆದರೆ ಕಲ್ಲಿನವನದು ಸವೆಸಿದ ಗೆರೆ. ಚಿಪ್ಪಿನವನದು ಕೈ ಎಳೆದ ಗೆರೆ. ಚಿಪ್ಪು ಮೆದುವಾದದ್ದರಿಂದ ಮಣಿಕಟ್ಟಿನ ಒಂದು ಬಾಗು, ಒಂದು ಅವಸರ, ಒಂದು ಹಿಂಜರಿಕೆ ಕೂಡ ಅದರಲ್ಲಿ ಉಳಿದುಬಿಡುತ್ತದೆ. ಚಿಪ್ಪಿನ ಕ್ಯಾಮಿಯೊ ಕಲ್ಲಿನ ಅಗ್ಗದ ನಕಲಲ್ಲ, ರೇಖಾಚಿತ್ರದ ಸೋದರಿ ಎಂದು ನನ್ನ ಎಣಿಕೆ. ಅದನ್ನು ನೋಡಬೇಕಾದದ್ದೂ ಹಾಗೆಯೇ.

ನೆಪೋಲಿಯನ್ನನ ಯುದ್ಧಗಳು ೧೮೧೫ರಲ್ಲಿ ಮುಗಿದ ಮೇಲೆ ಇಂಗ್ಲೆಂಡಿನಿಂದ ಪ್ರವಾಸಿಗಳು ಇಟಲಿಗೆ ಮುಗಿಬಿದ್ದರು. ಎಲ್ಲರಿಗೂ ಊರಿಗೆ ಒಯ್ಯಲು ರೋಮಿನದೊಂದು ತುಣುಕು ಬೇಕಾಗಿತ್ತು. ಅಮೃತಶಿಲೆಯ ವಿಗ್ರಹ ಪೆಟ್ಟಿಗೆಯಲ್ಲಿ ಹಿಡಿಸದು, ಕ್ಯಾಮಿಯೊ ಹಿಡಿಸುತ್ತದೆ. ಜಾರ್ಜ್ ಎಲಿಯಟ್ ಬರೆದ ‘ಮಿಡ್ಲ್‌ಮಾರ್ಚ್’ ಕಾದಂಬರಿಯನ್ನು (೧೮೭೧-೭೨) ಓದಿದವರಿಗೆ ನೆನಪಿರಬಹುದು: ರೋಮಿನಲ್ಲಿ ಡೊರೊತಿಯ ತನ್ನ ತಂಗಿಗಾಗಿ ಕ್ಯಾಮಿಯೊಗಳನ್ನು ಆರಿಸುತ್ತಾಳೆ. ವಿದ್ವಾಂಸನಾದ ಗಂಡನಿಗೆ ಇಂಥದಕ್ಕೆ ಪುರಸತ್ತಿಲ್ಲ. ಇವು ನಿಜವಾಗಿ ಚೆನ್ನಾಗಿವೆಯೆ ಎಂದು ಅವಳು ತರುಣ ಲ್ಯಾಡಿಸ್ಲಾನನ್ನು ಕೇಳುತ್ತಾಳೆ. ಅವನು ತಾನೇನೂ ದೊಡ್ಡ ಬಲ್ಲವನಲ್ಲವೆಂದು ಹೇಳಿ, ಕೆಲಸ ಅಚ್ಚುಕಟ್ಟಾಗಿದೆ, ಬಣ್ಣ ಚೆನ್ನಾಗಿದೆ ಎನ್ನುತ್ತಾನೆ. ಗಮನಿಸಿ: ಅವಳು ಕೇಳಿದ್ದು ‘ಹಳೆಯದೆ?’ ಎಂದಲ್ಲ, ‘ಚೆನ್ನಾಗಿದೆಯೆ?’ ಎಂದು. ಇಂದು ಆ ಪ್ರಶ್ನೆ ಕೇಳುವವರು ಅಪರೂಪ.

ಆ ಪ್ರವಾಸಿಗಳಿಗಾಗಿ ಕೆತ್ತಿದವುಗಳಲ್ಲಿ ಬಹುಪಾಲು ಪ್ರತಿಕೃತಿಗಳೇ. ಡೇನಿಷ್ ಶಿಲ್ಪಿ ಥಾರ್ವಾಲ್ಡ್‌ಸನ್ ೧೮೧೫ರಲ್ಲಿ ಮಾಡಿದ ‘ರಾತ್ರಿ’ ಎಂಬ ಉಬ್ಬುಶಿಲ್ಪದಲ್ಲಿ, ನಿದ್ರಿಸುವ ಎರಡು ಕೂಸುಗಳನ್ನು ತಬ್ಬಿ ದೇವಿಯೊಬ್ಬಳು ಆಕಾಶದಲ್ಲಿ ತೇಲುತ್ತಾಳೆ; ಹಿಂದೆ ಒಂದು ಗೂಬೆ. ಈ ದೇವಿ ಎಷ್ಟು ಚಿಪ್ಪುಗಳ ಮೇಲೆ ಇಳಿದಳೋ ಲೆಕ್ಕವಿಲ್ಲ. ಗೀಡೊ ರೇನಿ ರೋಮಿನ ಚಾವಣಿಯೊಂದರ ಮೇಲೆ ೧೬೧೪ರಲ್ಲಿ ಬರೆದ ಉಷಾದೇವಿಯ ರಥವೂ ಹಾಗೆಯೇ. ನೀರಿನ ಬಟ್ಟಲಿನ ಅಂಚಿನಲ್ಲಿ ಕುಳಿತ ಪಾರಿವಾಳಗಳೂ ಹಾಗೆಯೇ—ಇವು ೧೭೩೭ರಲ್ಲಿ ಹೇಡ್ರಿಯನ್ ಚಕ್ರವರ್ತಿಯ ತೋಟದ ಅರಮನೆಯಲ್ಲಿ ಸಿಕ್ಕಿದ ಮೊಸಾಯಿಕ್ ಚಿತ್ರದವು. ನಕಲೆಂದು ಮೂಗು ಮುರಿಯುವವರುಂಟು. ಆದರೆ ಅನುವಾದಗಳಿಂದಲೇ ಅರ್ಧ ಸಾಹಿತ್ಯವನ್ನು ಓದಿ ಬೆಳೆದ ನಾವು ಹಾಗೆ ಹೇಳಬಹುದೆ? ಮೂಲ ಒಂದೇ ಆದರೂ ಒಬ್ಬ ಅನುವಾದಕನಲ್ಲಿ ಪದ್ಯ ಬದುಕುತ್ತದೆ, ಇನ್ನೊಬ್ಬನಲ್ಲಿ ಸಾಯುತ್ತದೆ. ರೋಮಿನ ಟೊಮಾಸೊ ಸೌಲೀನಿ (೧೭೯೩-೧೮೬೪), ಅವನ ಮಗ ಲೂಯಿಜಿ (೧೮೧೯-೧೮೮೩) ಇಂಥವರು ಸಹಿ ಹಾಕುತ್ತಿದ್ದರು, ಎದುರಿಗೆ ಕೂತವರ ಭಾವಚಿತ್ರಗಳನ್ನೂ ಕಡೆಯುತ್ತಿದ್ದರು. ಉಳಿದವರು ಬಹುಮಂದಿ ಅನಾಮಿಕರು. ಅವರ ಹೆಸರು ನಮಗೆ ಸಿಕ್ಕುವ ಭರವಸೆಯಿಲ್ಲ. ಕೈ ಮಾತ್ರ ಚಿಪ್ಪಿನ ಮೇಲೆ ಇದೆ.

ಇನ್ನು ಗುರುತಿಸುವ ವಿದ್ಯೆ. ಇದನ್ನು ನಾನು ಹೀಗಳೆಯುತ್ತಿಲ್ಲ. ಮೋಸ ಹೋಗದಿರಲು ಇದು ಬೇಕೇ ಬೇಕು. ನಿಜವಾದ ಚಿಪ್ಪನ್ನು ದೀಪದ ಎದುರು ಹಿಡಿದರೆ ಬೆಳಕು ಹಾಯುತ್ತದೆ, ಆಕೃತಿ ನೆರಳಾಗಿ ಹಿಂದಿನಿಂದಲೂ ಕಾಣುತ್ತದೆ. ಶಂಖದ ಸ್ವಾಭಾವಿಕ ಬಾಗು ಉಳಿದಿರುವುದರಿಂದ ಬೆನ್ನು ಸಾಮಾನ್ಯವಾಗಿ ತುಸು ಒಳಕ್ಕೆ ತಗ್ಗಿರುತ್ತದೆ. ತುಟಿಗೆ ತಾಗಿಸಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕು ಹಾಗಿರದು. ಭೂತಕನ್ನಡಿಯಲ್ಲಿ ನೋಡಿದರೆ ಉಳಿಯ ಗೆರೆಗಳು ಹರಿತವಾಗಿ ಕಾಣುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದದ್ದಾದರೆ ಅಂಚುಗಳು ನೆಕ್ಕಿದ ಬೆಲ್ಲದಂತೆ ಮೊಂಡಾಗಿರುತ್ತವೆ, ಒಮ್ಮೊಮ್ಮೆ ಗುಳ್ಳೆಗಳೂ ಕಾಣುತ್ತವೆ. ಬಿಳಿಗೂ ಕಂದಿಗೂ ನಡುವೆ ಅಂಟಿನ ಗೆರೆ ಕಂಡರೆ ಆಕೃತಿಯನ್ನು ಬೇರೆ ಮಾಡಿ ಮೆತ್ತಿದ್ದಾರೆಂದೇ ಅರ್ಥ. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಿಜವಾದದ್ದಾದರೆ ಅದಕ್ಕೂ ಕಲೆ ಬೀಳುತ್ತದೆ.

ಕಾಲವನ್ನು ತಿಳಿಯಲು ಚೌಕಟ್ಟು, ಸೂಜಿ, ಕೀಲು. ತೆರೆದ ಸರಳ ಕೊಕ್ಕೆ, ಚೌಕಟ್ಟನ್ನು ದಾಟಿ ಹೊರಚಾಚಿದ ಉದ್ದ ಸೂಜಿ ಇದ್ದರೆ ಹತ್ತೊಂಬತ್ತನೆಯ ಶತಮಾನದ್ದಿರಬಹುದು. ಇಂಗ್ಲಿಷ್ ಚಿನ್ನದ ಮೇಲೆ ೧೫ ಕ್ಯಾರಟ್ಟಿನ ಅಧಿಕೃತ ಮುದ್ರೆಯಿದ್ದರೆ ಕೆಲಸ ಇನ್ನೂ ಸುಲಭ: ಆ ದರ್ಜೆಯನ್ನು ೧೮೫೪ರಲ್ಲಿ ಕಾನೂನು ಒಪ್ಪಿತು, ೧೯೩೨ರಲ್ಲಿ ಕೈಬಿಟ್ಟಿತು, ಚೌಕಟ್ಟು ಆ ನಡುವಿನದೇ ಸರಿ. ಆದರೆ ಚೌಕಟ್ಟು ತನ್ನ ವಯಸ್ಸನ್ನು ಮಾತ್ರ ಹೇಳುತ್ತದೆ, ಚಿಪ್ಪಿನದನ್ನಲ್ಲ. ಹಳೆಯ ಚೌಕಟ್ಟಿಗೆ ಹೊಸ ಚಿಪ್ಪು, ಹಳೆಯ ಚಿಪ್ಪಿಗೆ ಹೊಸ ಸೂಜಿ ಕೂರಿಸಿದ್ದು ಬೇಕಾದಷ್ಟಿದೆ. ತಲೆಯಲ್ಲಿ ದ್ರಾಕ್ಷಿ ಇದ್ದರೆ ಬ್ಯಾಕಸ್ಸನ ಭಕ್ತೆ, ಗೋಧಿತೆನೆ ಇದ್ದರೆ ಡಿಮೀಟರ್, ಅರ್ಧಚಂದ್ರ ಇದ್ದರೆ ಡಯಾನಾ, ಹಾವುಗಳಿದ್ದರೆ ಮೆಡೂಸಾ—ಈ ಲಕ್ಷಣಗಳನ್ನು ಕಲಿಯುವುದು ಕಷ್ಟವಲ್ಲ. ನಮ್ಮ ಪ್ರತಿಮಾಲಕ್ಷಣ ಬಲ್ಲವರಿಗಂತೂ ಆಟ.

ಕೈಪಿಡಿಗಳ ಒಂದು ಸೂತ್ರವನ್ನು ಮಾತ್ರ ನಾನು ಒಪ್ಪಲಾರೆ. ಮೂಗು ನೇರವಾಗಿದ್ದರೆ ಹಳೆಯದು, ತುದಿ ಮೇಲಕ್ಕೆತ್ತಿದ್ದರೆ ಹೊಸದು ಎಂಬ ಸೂತ್ರ ಅದು. ಗ್ರೀಕ್ ಮಾದರಿಯ ಮೋಹವಿದ್ದ ಕಾಲದಲ್ಲಿ ನೇರ ಮೂಗು ಹೆಚ್ಚು, ಅನಂತರ ಚೂಟಿ ಮೂಗಿನ ಚೆಲುವೆಯರು ಹೆಚ್ಚು ಎಂಬಷ್ಟು ಸತ್ಯ ಇದರಲ್ಲಿದೆ. ಆದರೆ ಭಾವಚಿತ್ರಕ್ಕೆ ಕುಳಿತ ಹೆಂಗಸಿನ ಮೂಗು ಹೇಗಿತ್ತೋ ಹಾಗೆಯೇ ಕೆತ್ತಬೇಕಲ್ಲ! ನೇರ ಮೂಗಿನ ದೇವತೆಯರು ಇಂದಿಗೂ ತಯಾರಾಗುತ್ತಲೇ ಇದ್ದಾರೆ. ಮುಖದ ಕಡೆಗೆ ಕೈಪಿಡಿಗಳು ತಿರುಗುವುದೇ ಅಪರೂಪ. ತಿರುಗಿದಾಗಲೂ ಮೂಗನ್ನು ಅಳೆದು ಹಿಂತಿರುಗಿಬಿಡುತ್ತವೆ.

‘ಹಳೆಯದು’ ಎಂಬ ಒಂದು ಮಾತು ಬಲ್ಲವರ ಕಣ್ಣನ್ನೂ ಹೇಗೆ ಕಟ್ಟಿಬಿಡುತ್ತದೆಂಬುದಕ್ಕೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಸಾಕ್ಷಿಯಿದೆ. ಇದು ಚಿಪ್ಪಿನದಲ್ಲ, ಕಲ್ಲಿನದು. ಕಥೆ ಮಾತ್ರ ಎರಡಕ್ಕೂ ಸಲ್ಲುತ್ತದೆ. ರಿಚರ್ಡ್ ಪೇನ್ ನೈಟ್ ಎಂಬಾತ ತನ್ನ ಕಾಲದ ಇಂಗ್ಲೆಂಡಿನಲ್ಲಿ ಪ್ರಾಚೀನ ಕಲೆಯ ಮಹಾ ಪರೀಕ್ಷಕನೆನಿಸಿದ್ದವನು. ಅವನ ಸಂಗ್ರಹದ ಕಣ್ಮಣಿ, ಹೂಮುಡಿದ ಫ್ಲೋರಾ ದೇವಿಯ ಮುಖದ ಒಂದು ಕ್ಯಾಮಿಯೊ. ಬೊನೆಲ್ಲಿ ಎಂಬ ವ್ಯಾಪಾರಿ ಅದನ್ನು ಪುರಾತನವೆಂದು ಮಾರಿದ್ದ. ೧೮೧೫ರ ಕೊನೆಯಲ್ಲಿ ಲಂಡನ್ನಿಗೆ ಬಂದ ರೋಮಿನ ಕೆತ್ತನೆಗಾರ ಬೆನೆದೆತ್ತೊ ಪಿಸ್ಟ್ರೂಚಿ, ಸಸ್ಯಶಾಸ್ತ್ರಜ್ಞ ಸರ್ ಜೋಸೆಫ್ ಬ್ಯಾಂಕ್ಸನ ಮನೆಯಲ್ಲಿ ಕುಳಿತು ಮೇಣದಲ್ಲಿ ಅವನ ಪ್ರತಿರೂಪವನ್ನು ತಿದ್ದುತ್ತಿದ್ದಾಗ ನೈಟ್ ಆ ಕ್ಯಾಮಿಯೊವನ್ನು ತೋರಿಸಲು ತಂದ. ಪಿಸ್ಟ್ರೂಚಿ ನೋಡಿದವನೇ, ಇದು ನಾನು ಬೊನೆಲ್ಲಿಗಾಗಿ ಕೆತ್ತಿದ್ದು ಎಂದುಬಿಟ್ಟ. ನೈಟ್ ನಂಬಲಿಲ್ಲ. ಪಿಸ್ಟ್ರೂಚಿಯ ಆತ್ಮಕಥನದ ಪ್ರಕಾರ, ಮುಡಿಯ ಹೂಗಳು ಈ ಕಾಲದವೇ ಅಲ್ಲವೆಂದು ನೈಟ್ ವಾದಿಸಿದಾಗ, ಅವು ಗುಲಾಬಿಯೇ ಎಂದು ಬ್ಯಾಂಕ್ಸ್ ಸಾಕ್ಷಿ ನುಡಿದನಂತೆ. ಕೆತ್ತಿದವನೇ ಎದುರಿಗೆ ನಿಂತು ಹೇಳಿದರೂ ನೈಟ್ ಪಟ್ಟು ಬಿಡಲಿಲ್ಲ. ೧೮೨೪ರಲ್ಲಿ ಅವನು ತೀರಿಕೊಂಡಾಗ ಉಳಿದ ಸಂಗ್ರಹದೊಡನೆ ಫ್ಲೋರಾ ಮ್ಯೂಸಿಯಮ್ಮಿಗೆ ಸೇರಿತು.

ಇದೇ ನೈಟ್ ೧೮೧೬ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ, ಎಲ್ಗಿನ್ ಪ್ರಭು ಅಥೆನ್ಸಿನಿಂದ ತಂದ ಪಾರ್ಥೆನಾನ್ ಶಿಲ್ಪಗಳು ಎರಡನೆಯ ದರ್ಜೆಯವೆಂದು ಸಾಕ್ಷ್ಯ ಹೇಳಿದವನು! ಅವನು ಮೂರ್ಖನಾಗಿರಲಿಲ್ಲ. ಫ್ಲೋರಾ ಚೆನ್ನಾಗಿದೆ ಎಂದು ಅವನ ಕಣ್ಣು ಕಂಡದ್ದು ಸರಿಯಾಗಿಯೇ ಇತ್ತು. ಚೆನ್ನಾದದ್ದು ತನ್ನ ಕಾಲದಲ್ಲಿ ಹುಟ್ಟಬಹುದೆಂದು ನಂಬುವ ಧೈರ್ಯ ಅವನಿಗಿರಲಿಲ್ಲ. ಪಿಸ್ಟ್ರೂಚಿಯ ಇನ್ನೊಂದು ಕೆಲಸವನ್ನು ನಮ್ಮ ಹಿರಿಯರು ಕೈಯಲ್ಲಿ ಹಿಡಿದು ನೋಡಿದ್ದಾರೆ: ‘ಸವರನ್’ ಎಂದು ನಾವು ಕರೆಯುವ ಚಿನ್ನದ ನಾಣ್ಯದ ಮೇಲೆ ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ವೀರನಿದ್ದಾನಲ್ಲ, ೧೮೧೭ರ ಆ ಚಿತ್ರ ಅವನದೇ.

ಎರಡನೆಯ ದಿನ ನಾನು ಇನ್ನೊಬ್ಬ ಮಿತ್ರರಿಂದ ಅವರ ಕ್ಯಾಮಿಯೊವನ್ನೂ ಕಡ ತಂದು ಎರಡನ್ನೂ ಕಿಟಕಿಯ ಬಳಿ ಇಟ್ಟುಕೊಂಡು ಕುಳಿತೆ. ಮಿತ್ರರದು ಲಂಡನ್ನಿನ ಹಳೆಯ ವಸ್ತುಗಳ ಸಂತೆಯಲ್ಲಿ ಕೊಂಡದ್ದು. ೧೫ ಕ್ಯಾರಟ್ಟಿನ ಮುದ್ರೆ, ತೆರೆದ ಕೊಕ್ಕೆ, ಚಾಚಿದ ಸೂಜಿ. ಬೆನ್ನಿಗೆ ನೂರಕ್ಕೆ ನೂರು ಅಂಕ. ಮಗುಚಿದರೆ ದ್ರಾಕ್ಷಿ ಮುಡಿದ ಒಬ್ಬಳು. ದ್ರಾಕ್ಷಿಯೆಂದರೆ ಒಂದೇ ಗಾತ್ರದ ಚುಕ್ಕೆಗಳ ಸಾಲು. ಕಣ್ಣು ಎರಡು ಗೀರು. ಕತ್ತು ಚೂರಿಯಿಂದ ಕತ್ತರಿಸಿದಂತೆ ಥಟ್ಟನೆ ನಿಂತಿದೆ. ಬಿಳಿ ಎಲ್ಲ ಕಡೆಯೂ ಒಂದೇ ದಪ್ಪ. ಕಂದು ನೆಲದ ಮೇಲೆ ಸುಣ್ಣದ ಮುದ್ದೆ ಇಟ್ಟಂತೆ. ದಿನಕ್ಕಿಷ್ಟು ಎಂದು ಕೆತ್ತಿ ಎಸೆದದ್ದು ಆಗಲೂ ಇತ್ತು. ವಯಸ್ಸು ಅದನ್ನು ತಿದ್ದಿಲ್ಲ.

ಅಜ್ಜಿಯ ಬ್ರೋಚಿನಲ್ಲಿಯೂ ದೋಷಗಳಿವೆ. ಭುಜದ ಮೇಲಿನ ಹೂವು ಬಿರುಸಾಗಿದೆ. ಅಲ್ಲಿಗೆ ಬರುವ ಹೊತ್ತಿಗೆ ಕೆತ್ತುವವನಿಗೆ ಅವಸರವಾಗಿರಬೇಕು. ಯುದ್ಧದ ಮಧ್ಯೆ, ಸೈನಿಕರು ಗಿರಾಕಿಗಳಾಗಿದ್ದ ಊರಿನಲ್ಲಿ, ಯಾರಿಗೆ ತಾನೆ ವ್ಯವಧಾನ? ಮೂಗಿನ ತುದಿ ಎತ್ತಿದೆ, ಕೈಪಿಡಿಯವರು ನಗುತ್ತಾರೆ. ಆದರೆ ಕಿವಿಯನ್ನು ನೋಡಬೇಕು. ಕೂದಲಿನ ಒಂದು ಎಳೆ ಜಾರಿ ಕಿವಿಯ ಮೇಲೆ ಹಾದಿದೆ. ಆ ಎಳೆಯ ಅಡಿಯಲ್ಲಿ ಕಿವಿ ಮುಂದುವರಿಯುತ್ತದೆ, ಕಿವಿಯ ಅಡಿಯಲ್ಲಿ ಕೆನ್ನೆ. ಅಕ್ಕಿಕಾಳಿನಷ್ಟು ಜಾಗದಲ್ಲಿ ಮೂರು ಅಂತಸ್ತು. ದವಡೆಯ ಕೆಳಗೆ ಬಿಳಿಯನ್ನು ಎಷ್ಟು ತೆಳುವಾಗಿಸಿದ್ದಾನೆಂದರೆ ಕಂದು ಅಲ್ಲಿ ಮಂಜಿನಂತೆ ಏರಿ ಕತ್ತನ್ನು ಹಿಂದಕ್ಕೆ ಸರಿಸಿದೆ. ಅಲ್ಲಿ ಉಳಿ ಇನ್ನೊಂದು ಕೂದಲೆಳೆಯಷ್ಟು ಇಳಿದಿದ್ದರೆ ಕೆಲಸವೇ ಕೆಡುತ್ತಿತ್ತು. ಕೆತ್ತಿದವನಿಗೆ ಅದು ಗೊತ್ತಿತ್ತು, ಆದರೂ ಇಳಿಸಿದ. ನೇಪಲ್ಸಿನ ಬೀದಿಯಲ್ಲಿ ಕೊಂಡ ಅಜ್ಜನಿಗೆ ಇದು ಕಂಡಿತ್ತೋ ಇಲ್ಲವೋ ಹೇಳಲಾರೆ.

ಅಧ್ಯಾಪಕಿಯವರು ಮತ್ತೆ ಬಂದಾಗ ಭೂತಕನ್ನಡಿ ಕೊಟ್ಟು ಕಿಟಕಿಯ ಬಳಿ ಕೂರಿಸಿದೆ. ಬಹಳ ಹೊತ್ತು ನೋಡಿದರು. “ಕಿವಿಗೆ ಓಲೆ ತೂತು ಕೂಡ ಮಾಡಿದಾನಲ್ಲ ಸಾರ್” ಎಂದರು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅವರಿಗೆ ಹೇಳಿದ ಉಪಚಾರವನ್ನು ಇಂಥ ವಸ್ತು ಮನೆಯಲ್ಲಿರುವ ಓದುಗರಿಗೂ ಹೇಳಿಬಿಡುತ್ತೇನೆ. ಚಿಪ್ಪು ಸುಣ್ಣದ ಜಾತಿ. ಹುಳಿ ತಾಗಿದರೆ ಕರಗುತ್ತದೆ. ಬೆಳ್ಳಿ ಹಿತ್ತಾಳೆಗೆ ಮಾಡುವಂತೆ ಹುಣಿಸೆಹಣ್ಣಿನಿಂದ ತಿಕ್ಕಬೇಡಿ, ನಿಂಬೆಯಂತೂ ಬೇಡವೇ ಬೇಡ. ಅತ್ತರು ಹಚ್ಚಿಕೊಂಡ ಮೇಲೆ ತೊಡಿ, ತೊಟ್ಟ ಮೇಲೆ ಹಚ್ಚಬೇಡಿ. ಬಿಸಿಲಿನಲ್ಲಿಯೂ ಬಲ್ಬಿನ ಕೆಳಗೂ ಇಟ್ಟರೆ ಒಣಗಿ ಬಿರುಕು ಬಿಡುತ್ತದೆ. ಮೆತ್ತನೆಯ ಕುಂಚ, ಉಗುರುಬೆಚ್ಚನೆಯ ನೀರು, ತುಸು ಸೋಪು ಸಾಕು. ಹೊಸದಾಗಿ ಕೊಳ್ಳಹೊರಟವರಿಗೆ ಒಂದು ಮಾತು: ಕ್ವೀನ್ ಕಾಂಕ್ ಶಂಖದ ವ್ಯಾಪಾರ ೧೯೯೨ರಿಂದ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಿದೆ, ವಿದೇಶದಿಂದ ತರುವ ಮುನ್ನ ಕಾಗದಪತ್ರ ವಿಚಾರಿಸಿಕೊಳ್ಳಿ.

ಹೊರಡುವಾಗ ಅವರು, ಕೊಕ್ಕೆ ಸಡಿಲವಾಗಿದೆ, ಅಕ್ಕಸಾಲಿಗರ ಹತ್ತಿರ ಬೇರೆಯದು ಹಾಕಿಸಲೇ ಎಂದು ಕೇಳಿದರು. ಹಾಕಿಸಿ, ಆದರೆ ಚಿಪ್ಪನ್ನು ಚೌಕಟ್ಟಿನಿಂದ ಬಿಡಿಸಿದ ಮೇಲೆಯೇ ಬೆಸುಗೆಯ ಬೆಂಕಿ ತೋರಿಸಬೇಕೆಂದು ಒತ್ತಿ ಹೇಳಿ. ಹಳೆಯ ಕೊಕ್ಕೆಯನ್ನು ಮಾತ್ರ ಅವರಿಗೆ ಬಿಟ್ಟುಬರಬೇಡಿ, ಡಬ್ಬಿಯಲ್ಲೇ ಇಟ್ಟುಕೊಳ್ಳಿ ಎಂದೆ. ಅದೂ ಅಜ್ಜ ತಂದದ್ದೇ ಅಲ್ಲವೆ?